ಡೌನ್‌ವಿಂಡ್ ಪ್ಯಾಡಲಿಂಗ್‌ಗೆ ಯಾವ ಬೋರ್ಡ್ ತಗೊಳ್ಳಲಿ? ಹುಬ್ಬಳ್ಳಿಯಿಂದ ಕೇಳುತ್ತಿದ್ದೇನೆ

ಗೋಕುಲ ರಸ್ತೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಗೋಕುಲ ರಸ್ತೆಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ವಯಸ್ಸು 38, ಎತ್ತರ 175 ಸೆಂಟಿಮೀಟರ್, ತೂಕ 84 ಕೆಜಿ. ಎರಡು ವರ್ಷದ ಹಿಂದೆ ಮನೆಮಂದಿಯೆಲ್ಲ ಗೋಕರ್ಣಕ್ಕೆ ಹೋದಾಗ ಮೊದಲ ಸಲ ಬೋರ್ಡ್ ಮೇಲೆ ನಿಂತು ಹುಟ್ಟು ಹಾಕಿದೆ. ಅವತ್ತಿನಿಂದ ಅದರ ಗುಂಗು ಬಿಟ್ಟಿಲ್ಲ. ಊರಿಗೆ ಬಂದ ಮೇಲೆ ಗಾಳಿ ತುಂಬುವ ಬೋರ್ಡ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. 10 ಅಡಿ 6 ಇಂಚು ಉದ್ದ, 32 ಇಂಚು ಅಗಲ.

ನಾನು ಕಲಿತದ್ದೆಲ್ಲ ಹಾನಗಲ್ ತಾಲ್ಲೂಕಿನಲ್ಲಿ, ನನ್ನ ಹೆಂಡತಿಯ ತವರೂರಿನ ಕೆರೆಯಲ್ಲಿ. ಊರ ಹಿರಿಯರನ್ನೂ ಮೀನಿನ ಗುತ್ತಿಗೆ ಹಿಡಿದವರನ್ನೂ ಕೇಳಿಕೊಂಡೇ ಇಳಿಯುತ್ತೇನೆ. ಕೆರೆ ಒಂದು ಕಿಲೋಮೀಟರ್ ಉದ್ದ ಇರಬಹುದು. ಈ ಸಲ ಆಷಾಢದಲ್ಲಿ ಒಂದು ಭಾನುವಾರ ಮಳೆ ಬಿಟ್ಟಿತ್ತು, ಗಾಳಿ ಮಾತ್ರ ಬಿಟ್ಟಿರಲಿಲ್ಲ. ಪಡುವಣ ಗಾಳಿ ಬೆನ್ನಿಗೆ ಬಿದ್ದು ಏರಿಯ ಕಡೆಗೆ ತಳ್ಳುತ್ತಿತ್ತು. ಕೆರೆಯ ನಡುವೆ ಬಂದಾಗ ಹಿಂಗಾಲಿನ ಕೆಳಗೆ ಬೋರ್ಡ್ ಮೆಲ್ಲಗೆ ಎದ್ದ ಹಾಗಾಯಿತು. ನಾಲ್ಕು ಹುಟ್ಟು ಜೋರಾಗಿ ಹಾಕಿದೆ. ಐದನೆಯದು ಬೇಕಾಗಲೇ ಇಲ್ಲ. ಬೋರ್ಡ್ ತಾನೇ ಹೊರಟಿತು. ಅಡಿಯಲ್ಲಿ ನೀರು ಸರ್ರನೆ ಸದ್ದು ಮಾಡುತ್ತಿತ್ತು. ಮೂರು ಸೆಕೆಂಡ್ ಇರಬಹುದು, ಅಷ್ಟೇ. ಆಮೇಲೆ ಮೂತಿ ಮುಂದಿನ ತೆರೆಗೆ ಚುಚ್ಚಿ ನಿಂತುಬಿಟ್ಟಿತು, ನಾನು ಮುಗ್ಗರಿಸಿ ನೀರಿಗೆ ಬಿದ್ದೆ.

ಆ ಮೂರು ಸೆಕೆಂಡ್ ನನಗೆ ಮತ್ತೆ ಬೇಕು. ಇನ್ನೂ ಜಾಸ್ತಿ ಬೇಕು. ಆಮೇಲೆ ಹುಡುಕಿದಾಗ ಇದಕ್ಕೆ ಡೌನ್‌ವಿಂಡ್ ಅನ್ನುತ್ತಾರೆ ಅಂತ ಗೊತ್ತಾಯಿತು. ಹವಾಯಿಯಲ್ಲಿ ಮೊಲೊಕೈ ದ್ವೀಪದಿಂದ ಒವಾಹು ದ್ವೀಪದವರೆಗೆ ಸುಮಾರು 52 ಕಿಲೋಮೀಟರ್ ಹೀಗೇ ಗಾಳಿ ಬೆನ್ನಿಗಿಟ್ಟುಕೊಂಡು ಹೋಗುತ್ತಾರಂತೆ. ವಿಡಿಯೋ ನೋಡಿ ಎರಡು ರಾತ್ರಿ ನಿದ್ದೆ ಬರಲಿಲ್ಲ.

ನಾನು ಕೇಳಬೇಕಾದದ್ದು ಇದು. ಬೋರ್ಡ್‌ಗೆ ಅಂತ ಒಂದು ಲಕ್ಷ ಎತ್ತಿಟ್ಟಿದ್ದೇನೆ. 14 ಅಡಿಯ ಬೋರ್ಡ್ ತಗೊಂಡರೆ ನಮ್ಮ ಕೆರೆಯಲ್ಲೇ ಉದ್ದದ ಓಟ ಸಿಗುತ್ತಾ? ಗಟ್ಟಿ ಬೋರ್ಡ್ ಒಳ್ಳೆಯದಾ, ಗಾಳಿ ತುಂಬುವುದಾ? ಅಗಲ ಎಷ್ಟಿರಬೇಕು? ಹುಟ್ಟು, ಬೋರ್ಡ್‌ನ ಅಡಿಯಲ್ಲಿರುವ ರೆಕ್ಕೆ (ಫಿನ್) ಇವನ್ನೂ ಬದಲಿಸಬೇಕಾ? ಕೆಲವರು ಫಾಯಿಲ್ ಅಂತಾರೆ, ನೀರೊಳಗಿನ ರೆಕ್ಕೆಯ ಮೇಲೆ ಬೋರ್ಡ್ ಎದ್ದು ಹೋಗುವಂಥದ್ದು, ಅದು ನನಗೆ ಆಗುತ್ತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಸಪ್ತಾಪುರ, ಧಾರವಾಡ

ನಮಸ್ಕಾರ ಸರ್. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ರಜೆ ಸಿಕ್ಕಾಗ ಹೊನ್ನಾವರದ ಕಡೆ ಪ್ಯಾಡಲ್ ಮಾಡುತ್ತೇನೆ. ಬೋರ್ಡ್ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ. ಆದರೆ ನಿಮ್ಮ ಮೂತಿ ಯಾಕೆ ಚುಚ್ಚಿತು ಅನ್ನುವುದನ್ನು ನಾನು ಹೇಳಬಲ್ಲೆ. ಅದು ಗೊತ್ತಾದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಸಿಗುತ್ತದೆ.

ಮುಂದಿನ ಸಲ ಗಾಳಿ ಇದ್ದಾಗ ಏರಿಯ ಮೇಲೆ ನಿಂತುಕೊಳ್ಳಿ. ನೀರಿನಲ್ಲಿ ನೆಟ್ಟ ಒಂದು ಗೂಟ ನೋಡಿಕೊಳ್ಳಿ. ಒಂದು ತೆರೆಯ ತಲೆ ಗೂಟ ದಾಟಿದ ಮೇಲೆ ಇನ್ನೊಂದು ದಾಟಲು ಎಷ್ಟು ಹೊತ್ತು ಹಿಡಿಯುತ್ತದೆ? ಹತ್ತು ತೆರೆ ಎಣಿಸಿ ಹತ್ತರಿಂದ ಭಾಗಿಸಿ. ಬೋರ್ಡ್ ಮೇಲೆ ನಿಂತು ಎಣಿಸಬೇಡಿ, ನೀವೂ ಚಲಿಸುತ್ತಿರುತ್ತೀರಿ, ಲೆಕ್ಕ ತಪ್ಪುತ್ತದೆ. ಬಂದ ಸೆಕೆಂಡನ್ನು 1.56ರಿಂದ ಗುಣಿಸಿದರೆ ತೆರೆ ಸೆಕೆಂಡಿಗೆ ಎಷ್ಟು ಮೀಟರ್ ಓಡುತ್ತಿದೆ ಅಂತ ಗೊತ್ತಾಗುತ್ತದೆ. ಆ ವೇಗವನ್ನು ಮತ್ತೆ ಅದೇ ಸೆಕೆಂಡಿನಿಂದ ಗುಣಿಸಿದರೆ ಒಂದು ತೆರೆಯ ತಲೆಯಿಂದ ಇನ್ನೊಂದರ ತಲೆಗೆ ಇರುವ ದೂರ ಸಿಗುತ್ತದೆ. ನೀರು ಸಾಕಷ್ಟು ಆಳ ಇದ್ದ ಕಡೆ ಈ ಲೆಕ್ಕ ಸರಿ ಬರುತ್ತದೆ.

ಒಂದು ಕಿಲೋಮೀಟರ್ ಕೆರೆಯಲ್ಲಿ ಆಷಾಢದ ಗಾಳಿಗೆ ಒಂದೂವರೆ ಸೆಕೆಂಡಿನ ತೆರೆ ಎದ್ದಿದೆ ಅಂತ ಇಟ್ಟುಕೊಳ್ಳಿ. ಅದರ ವೇಗ ಗಂಟೆಗೆ ಸುಮಾರು 8.4 ಕಿಲೋಮೀಟರ್. ನೀವು ನಾಲ್ಕು ಹುಟ್ಟು ಹಾಕಿ ಹಿಡಿದಿರಲ್ಲ, ಸರಿಹೋಯಿತು. ಆದರೆ ತೆರೆಯಿಂದ ತೆರೆಗೆ ದೂರ ಬರೀ 3.5 ಮೀಟರ್. ನಿಮ್ಮ ಬೋರ್ಡ್ 3.2 ಮೀಟರ್. ಬಾಲ ಹಿಂದಿನ ಉಬ್ಬಿನ ಮೇಲೆ ಕುಳಿತಾಗ ಮೂತಿ ಮುಂದಿನ ಉಬ್ಬಿನ ಬೆನ್ನಿಗೆ ಹೋಗಿ ತಾಗಲೇಬೇಕು. 14 ಅಡಿ ಅಂದರೆ 4.27 ಮೀಟರ್. ಅದನ್ನು ಅದೇ ಕೆರೆಗೆ ಇಳಿಸಿದರೆ ಬೋರ್ಡೇ ತೆರೆಗಿಂತ ಉದ್ದವಾಗುತ್ತದೆ. ಓಟ ಜಾಸ್ತಿಯಾಗುವುದಿಲ್ಲ, ಕಡಿಮೆಯಾಗುತ್ತದೆ.

ತೆರೆ ಉದ್ದವಾಗಬೇಕಾದರೆ ಗಾಳಿಗೆ ಉದ್ದದ ಬಯಲು ಬೇಕು. ಎರಡೂವರೆ ಸೆಕೆಂಡಿನ ತೆರೆಗೆ ಹತ್ತಿರ ಹತ್ತಿರ 10 ಮೀಟರ್ ಉದ್ದ, ಗಂಟೆಗೆ 14 ಕಿಲೋಮೀಟರ್ ವೇಗ. ನಾಲ್ಕು ಸೆಕೆಂಡಿನದಾದರೆ 25 ಮೀಟರ್ ಉದ್ದ, ಗಂಟೆಗೆ 22 ಕಿಲೋಮೀಟರ್. ಅಲ್ಲಿ 14 ಅಡಿಯ ಬೋರ್ಡ್ ಆರಾಮವಾಗಿ ಇಳಿಜಾರಿನಲ್ಲಿ ಕೂರುತ್ತದೆ. ಉಣಕಲ್ ಕೆರೆಯಲ್ಲೂ ಕೆಲಗೇರಿಯಲ್ಲೂ ಅಷ್ಟು ಬಯಲು ಇಲ್ಲ.

ನಮ್ಮ ಕಡೆ ದೊಡ್ಡ ನೀರು ಅಂದರೆ ಸವದತ್ತಿಯ ರೇಣುಕಾ ಸಾಗರ. ಹೋಗುವ ಮನಸ್ಸಾದರೆ ಎರಡು ಮಾತು ನೆನಪಿಡಿ. ಅದು ಕುಡಿಯುವ ನೀರು, ಅನುಮತಿ ಇಲ್ಲದೆ ಇಳಿಯಬಾರದು. ಇನ್ನೊಂದು, ಮಳೆಗಾಲದ ಪಡುವಣ ಗಾಳಿ ನಿಮ್ಮನ್ನು ನವಿಲುತೀರ್ಥದ ಅಣೆಕಟ್ಟಿನ ಕಡೆಗೇ ಒಯ್ಯುತ್ತದೆ. ಬೆನ್ನಿಗೆ ಗಾಳಿ, ಎದುರಿಗೆ ಗೇಟು. ಆ ದಿಕ್ಕಿನ ಓಟ ಬೇಡವೇ ಬೇಡ.

ಗೋಕುಲ ರಸ್ತೆ, ಹುಬ್ಬಳ್ಳಿ

ಮೇಡಂ, ಕ್ಯಾಲ್ಕುಲೇಟರ್ ಹಿಡಿದುಕೊಂಡು ಮೂರು ಸಲ ಓದಿದೆ. ಇಷ್ಟು ಸ್ಪಷ್ಟವಾಗಿ ಯಾವ ವಿಡಿಯೋದಲ್ಲೂ ಯಾರೂ ಹೇಳಿರಲಿಲ್ಲ. ಹಾಗಾದರೆ ಸಮುದ್ರಕ್ಕೇ ಹೋಗಬೇಕು. ತಿಂಗಳಿಗೊಂದು ಸಲ ಘಟ್ಟ ಇಳಿಯಬಲ್ಲೆ. ನನ್ನದು ಸ್ವಿಫ್ಟ್ ಕಾರು. ಈಗ ಆ ಲೆಕ್ಕದಲ್ಲಿ ಬೋರ್ಡ್ ಹೇಳಿ.

ಮುಂಡರಗಿಯವ, ಈಗ ಕಾರವಾರ

ತಮ್ಮಾ, ಆ ಮೂರು ಸೆಕೆಂಡಿನ ಮಾತು ಓದಿ ನನ್ನ ಮೊದಲನೇ ಓಟ ನೆನಪಾಯಿತು. ನಾನು ಹುಟ್ಟಿದ್ದು ಮುಂಡರಗಿ ಕಡೆ. ಕಪ್ಪತಗುಡ್ಡದ ಗಾಳಿಯಂತ್ರಗಳು ಯಾವ ಕಡೆ ಮುಖ ಮಾಡಿವೆ ಅಂತ ಬಸ್ಸಿನ ಕಿಟಕಿಯಿಂದ ನೋಡಿ ಗಾಳಿಯ ದಿಕ್ಕು ಹೇಳುವುದು ನನಗೆ ಮೊದಲಿನಿಂದ ರೂಢಿ. ಹನ್ನೊಂದು ವರ್ಷದಿಂದ ಕಾರವಾರದಲ್ಲಿ ಬೋಟ್ ಎಂಜಿನ್ ರಿಪೇರಿ ಮಾಡಿಕೊಂಡಿದ್ದೇನೆ. ಡೌನ್‌ವಿಂಡ್ ಶುರು ಮಾಡಿ ಐದು ವರ್ಷ. ನೀನು ಕೆಲಸಗಾರ, ಅಳತೆ ನಿನಗೆ ಅರ್ಥವಾಗುತ್ತದೆ. ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ.

ನನ್ನ ಮೊದಲ 14 ಅಡಿ ಬೋರ್ಡ್ 23 ಇಂಚು ಅಗಲದ್ದು, ಸಪಾಟು ನೀರಿನ ರೇಸಿಗೆ ಮಾಡಿದ್ದು. ಕಾಳಿ ನದಿಯ ಒಳಭಾಗದಲ್ಲಿ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗುತ್ತಿತ್ತು. ಅದನ್ನೇ ಸಮುದ್ರಕ್ಕೆ ಒಯ್ದೆ. ಅರ್ಧ ಗಂಟೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಬಿದ್ದೆ. ಪ್ರತಿ ತೆರೆ ಇಳಿಯುವಾಗಲೂ ಮೂತಿ ನೀರೊಳಗೆ ಹೋಗುತ್ತಿತ್ತು. ವೇಗದ ಬೋರ್ಡ್ ಅಂದರೆ ಎಲ್ಲ ನೀರಿಗೂ ವೇಗ ಅಂದುಕೊಂಡಿದ್ದೆ. ಅದನ್ನು ಮಾರುವಾಗ ನನಗೆ ಒಳ್ಳೆಯ ಮೊತ್ತವೇ ನಷ್ಟವಾಯಿತು. ನಿನಗೆ ಹಾಗಾಗಬಾರದು.

ಅಂಗಡಿಯಲ್ಲಿ ಬೋರ್ಡ್ ಕೊಟ್ಟಾಗ ಅದನ್ನು ಫರಸಿಕಲ್ಲಿನ ನೆಲದ ಮೇಲೆ ಮಲಗಿಸು. ನೀನೂ ಕೆಳಗೆ ಕುಳಿತು ಪಕ್ಕದಿಂದ ನೋಡು. ಸಪಾಟು ನೀರಿನ ಬೋರ್ಡ್‌ನ ಅಡಿ ಉದ್ದಕ್ಕೂ ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ. ಮೂತಿ ಎದ್ದಿರುವುದು ನಾಲ್ಕು ಬೆರಳಿನಷ್ಟು. ಡೌನ್‌ವಿಂಡ್ ಬೋರ್ಡ್‌ನ ಮೂತಿಯ ಕೆಳಗೆ ಹತ್ತಿರ ಹತ್ತಿರ ಒಂದು ಗೇಣು ಜಾಗ ಇರುತ್ತದೆ, ಬಾಲದ ಕಡೆಗೂ ಸ್ವಲ್ಪ ಮೇಲೆ ಬಾಗಿರುತ್ತದೆ. ನಾನು ನೋಡಿದವೆಲ್ಲ ಹೀಗೇ. ಮೂತಿಯಲ್ಲಿ ದಪ್ಪವೂ ಜಾಸ್ತಿ. ತೆರೆಗೆ ತಾಗಿದರೂ ಮುಳುಗದೆ ಮೇಲೆದ್ದು ಬರಲಿ ಅಂತ. ಬಾಲ ಬಾಗಿರುವುದು ಯಾಕೆಂದರೆ ಹಿಂದಿನಿಂದ ಬರುವ ತೆರೆ ಬಾಲವನ್ನು ಎತ್ತಿ ಬಿಸಾಡದೆ ಅದರ ಕೆಳಗೆ ಸೇರಿಕೊಳ್ಳಬೇಕು. ಈ ಬಾಗು ಇರುವುದರಿಂದ ಸುಮ್ನೆ ನಿಂತ ನೀರಿನಲ್ಲಿ ಆ ಬೋರ್ಡ್ ನಿಧಾನ. ಅದನ್ನು ಒಪ್ಪಿಕೊಂಡೇ ತಗೊಳ್ಳಬೇಕು.

ಹೆಸರು ಹೇಳುವುದಾದರೆ ಎಸ್‌ಐಸಿ ಕಂಪನಿಯ ಬುಲೆಟ್, ನೈಶ್ ಕಂಪನಿಯ ಮಲಿಕೊ ಇವು ಡೌನ್‌ವಿಂಡ್‌ಗೆಂದೇ ಬಂದವು. ಹವಾಯಿಯ ಮಾಯಿ ದ್ವೀಪದಲ್ಲಿ ಮಲಿಕೊ ಅನ್ನುವ ಜಾಗದಿಂದ ಹೊರಡುವ ಓಟ ಈ ಆಟದವರಿಗೆಲ್ಲ ಗೊತ್ತು, ಆ ಹೆಸರೇ ಬೋರ್ಡ್‌ಗೆ. ಸ್ಟಾರ್‌ಬೋರ್ಡ್‌ನಲ್ಲಿ ಸ್ಪ್ರಿಂಟ್ ಸಪಾಟು ನೀರಿನದು, ಆಲ್ ಸ್ಟಾರ್ ಎಲ್ಲ ತರದ ನೀರಿಗೂ ನಡೆಯುತ್ತದೆ. 2024ರ ಮಾರ್ಚ್‌ನಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆದಾಗ ನಾನು ನೋಡಲು ಹೋಗಿದ್ದೆ. ದಡದಲ್ಲಿ ಸಾಲಾಗಿ ಮಲಗಿಸಿದ ಬೋರ್ಡ್‌ಗಳನ್ನು ನೋಡುತ್ತಾ ನಡೆದೆ. ರೇಸಿನ ಫಲಿತಾಂಶಕ್ಕಿಂತ ಆ ಮೂತಿಗಳನ್ನು ನೋಡಿಯೇ ನಾನು ಜಾಸ್ತಿ ಕಲಿತೆ. ನಿನಗೆ ಅವಕಾಶ ಸಿಕ್ಕರೆ ನೀನೂ ಹಾಗೆ ಮಾಡು.

84 ಕೆಜಿಗೆ, ಮೊದಲ ಡೌನ್‌ವಿಂಡ್ ಬೋರ್ಡ್‌ಗೆ, 28 ಇಂಚು ಅಗಲ ಇರಲಿ. 26 ಅಂತ ಯಾರಾದರೂ ಹೇಳಿದರೆ ಎರಡು ವರ್ಷ ಬಿಟ್ಟು ನೋಡು. ಬಿದ್ದು ಎದ್ದು ಹತ್ತುವುದರಲ್ಲಿ ಹೋಗುವ ಶಕ್ತಿಯ ಮುಂದೆ ಎರಡು ಇಂಚಿನ ವೇಗ ಏನೂ ಅಲ್ಲ. ಸಮುದ್ರದಲ್ಲಿ ತೆರೆ ಒಂದೇ ದಿಕ್ಕಿನಿಂದ ಬರುವುದಿಲ್ಲ. ಗಾಳಿಯ ತೆರೆ ಬೆನ್ನಿಗಿದ್ದರೆ ದೂರದ ದೊಡ್ಡ ಅಲೆ ಬದಿಯಿಂದ ಬರುತ್ತದೆ. ಅಗಲ ಬೇಕಾಗುವುದು ಅದಕ್ಕೆ. ಬೋರ್ಡ್‌ನ ಗಾತ್ರ 280ರಿಂದ 320 ಲೀಟರ್‌ನ ನಡುವೆ ಇದ್ದರೆ ನಿನ್ನ ತೂಕಕ್ಕೆ ಸರಿ.

ಈಗ ಗಟ್ಟಿಯೋ ಗಾಳಿಯದೋ ಅನ್ನುವುದು. ಓಟಕ್ಕೆ ಗಟ್ಟಿಯೇ ಮೇಲು, ಇದರಲ್ಲಿ ನನಗೆ ಅನುಮಾನ ಇಲ್ಲ. ತೆರೆ ಬಾಲಕ್ಕೆ ಕೊಟ್ಟ ತಳ್ಳು ಗಟ್ಟಿ ಬೋರ್ಡ್‌ನಲ್ಲಿ ನೇರ ಮೂತಿಗೆ ಹೋಗುತ್ತದೆ. ಗಾಳಿಯ ಬೋರ್ಡ್ ನಡುವೆ ಬಾಗಿ ಅದರಲ್ಲಿ ಸ್ವಲ್ಪ ತಿಂದುಹಾಕುತ್ತದೆ. ಅದರ ಬದಿಗಳು ದುಂಡಗೆ, ದಪ್ಪ 6 ಇಂಚು. ಮೂತಿಯ ಬಾಗನ್ನೂ ಗಟ್ಟಿ ಬೋರ್ಡ್‌ನಷ್ಟು ನಾಜೂಕಾಗಿ ಕೊಡಲು ಆಗುವುದಿಲ್ಲ. ಆದರೆ ನೀನು ಇರುವುದು ಹುಬ್ಬಳ್ಳಿಯಲ್ಲಿ. ನಿನ್ನ ಸ್ವಿಫ್ಟ್‌ನ ಉದ್ದ 3.8 ಮೀಟರ್ ಚಿಲ್ಲರೆ. ಬೋರ್ಡ್ 4.27 ಮೀಟರ್. ಕಾರಿಗಿಂತ ಉದ್ದದ ಸಾಮಾನು ತಲೆಯ ಮೇಲೆ ಕಟ್ಟಿಕೊಂಡು ಅರಬೈಲ್ ಘಟ್ಟದಲ್ಲಿ ಲಾರಿಗಳ ನಡುವೆ ತಿಂಗಳು ತಿಂಗಳು ಇಳಿದು ಹತ್ತುತ್ತೀಯಾ? ಡೌನ್‌ವಿಂಡ್‌ನಲ್ಲಿ ಹೊರಟ ಜಾಗಕ್ಕೆ ವಾಪಸ್ ಬರುವುದಿಲ್ಲ ಅನ್ನುವುದನ್ನೂ ನೆನಪಿಡು. ಇಳಿಯುವುದು ಒಂದು ಕಡೆ, ಹತ್ತುವುದು ಇನ್ನೊಂದು ಕಡೆ. ಗಾಳಿಯ ಬೋರ್ಡ್ ಆದರೆ ದಡದಲ್ಲಿ ಗಾಳಿ ಬಿಟ್ಟು ಸುತ್ತಿ ಆಟೋದಲ್ಲಿ ಹಾಕಿಕೊಂಡು ಕಾರಿನ ಹತ್ತಿರ ಬರಬಹುದು.

ನನ್ನನ್ನು ಕೇಳಿದರೆ ಮೊದಲ ವರ್ಷಕ್ಕೆ 14 ಅಡಿ, 28 ಇಂಚಿನ ಗಾಳಿ ತುಂಬುವ ಬೋರ್ಡ್ ತಗೋ, ಆದರೆ ಬಿಗಿ ಇರುವುದನ್ನು ಹುಡುಕು. ಪರೀಕ್ಷೆ ಸುಲಭ. 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿ, ಎರಡು ತುದಿಗೆ ಇಟ್ಟಿಗೆ ಜೋಡಿಸಿ ಮೇಲಿಡು. ಇಟ್ಟಿಗೆಗಳ ನಡುವೆ ಹತ್ತು ಅಡಿ ಅಂತರ ಇರಲಿ. ನಡುವೆ ನಿಂತುಕೋ. ನೆಲದಿಂದ ಬೋರ್ಡ್‌ನ ಅಡಿಗೆ ಟೇಪು ಹಿಡಿದು ಅಳೆಯಲು ಒಬ್ಬರಿಗೆ ಹೇಳು. ನಿಲ್ಲುವ ಮೊದಲು ಎಷ್ಟು, ನಿಂತ ಮೇಲೆ ಎಷ್ಟು. ಎರಡು ಮೂರು ಬೋರ್ಡ್ ಹೀಗೆ ಅಳೆದರೆ ಯಾವುದು ಬಿಗಿ ಅಂತ ನಿನಗೇ ಗೊತ್ತಾಗುತ್ತದೆ, ಯಾರ ಮಾತೂ ಬೇಕಾಗಿಲ್ಲ.

ಫಾಯಿಲ್ ಈಗ ಬೇಡ. ಅದರ ಕಂಬವೇ ಮುಕ್ಕಾಲು ಮೀಟರ್‌ಗಿಂತ ಉದ್ದ ಇರುತ್ತದೆ. ನೀರಿನ ಕೆಳಗಿನ ಬಲೆ, ಬೊಡ್ಡೆ, ಬಂಡೆ ಎಲ್ಲಕ್ಕೂ ಸಿಕ್ಕಿಕೊಳ್ಳುತ್ತದೆ. ಮೊದಲು ತೆರೆ ಓದುವುದನ್ನು ಕಲಿ, ಅದು ಮುಂದೆ ಫಾಯಿಲ್‌ಗೂ ಬೇಕಾಗುವ ವಿದ್ಯೆ.

ಇನ್ನು ನಾನು ಹೇಳಬೇಕಾದ ಮುಖ್ಯ ವಿಷಯ. ನೀನು ಬೋರ್ಡ್, ಫಿನ್, ಹುಟ್ಟು ಎಲ್ಲ ಕೇಳಿದೆ. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್ ಬಗ್ಗೆ ಕೇಳಲಿಲ್ಲ, ಜಾಕೆಟ್ ಬಗ್ಗೆ ಕೇಳಲಿಲ್ಲ. ಆ ಒಂದು ಲಕ್ಷದಲ್ಲಿ ಮೊದಲ ಖರ್ಚು ಅವೆರಡಕ್ಕೆ ಆಗಬೇಕು.

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳು, ಮಾಜಾಳಿಯಿಂದ ದೇವಬಾಗದ ಕಡೆಗೆ ಹೊರಟಿದ್ದೆವು, ನಾನು ಮತ್ತು ಒಬ್ಬ ಗೆಳೆಯ. ದಡದಿಂದ 400 ಮೀಟರ್ ಒಳಗಿದ್ದೆ. ವಾಯವ್ಯದ ಗಾಳಿ ಗಂಟೆಗೆ 28 ಕಿಲೋಮೀಟರ್, ಅಂದರೆ 15 ನಾಟ್. ಬಿದ್ದೆ. ಅದು ಹೊಸದಲ್ಲ, ದಿನಾ ಬೀಳುತ್ತೇವೆ. ಆದರೆ ಏಳುವಾಗ ಕಾಲಿಗೆ ಎಳೆತ ಸಿಗಲಿಲ್ಲ. ಲೀಶ್‌ನ ವೆಲ್‌ಕ್ರೋ ಬಿಚ್ಚಿಕೊಂಡಿತ್ತು. ಬೋರ್ಡ್ ನನ್ನ ಕೈಯಿಂದ ಎರಡು ಮೊಳ ದೂರದಲ್ಲಿತ್ತು. ಎರಡು ಕೈ ಬೀಸಿ ಈಜಿದೆ, ಅದು ನಾಲ್ಕು ಮಾರು ದೂರ ಹೋಗಿತ್ತು. ಗಾಳಿ ಅದರ ಅಡಿಗೆ ಸೇರಿ ಮಗುಚಿ ಮಗುಚಿ ಓಡಿಸುತ್ತಿತ್ತು. ನಾನು ಚೆನ್ನಾಗಿಯೇ ಈಜುತ್ತೇನೆ, ಆದರೂ ಅದನ್ನು ಹಿಡಿಯಲು ಆಗಲಿಲ್ಲ. ಮೈಮೇಲೆ ಜಾಕೆಟ್ ಇತ್ತು. ಗಾಳಿ ದಡದ ಕಡೆಗಿತ್ತು. ಹುಟ್ಟನ್ನು ಬಿಡದೆ ಹಿಡಿದುಕೊಂಡು ಇಪ್ಪತ್ತೈದು ನಿಮಿಷಕ್ಕೆ ದಡ ಸೇರಿದೆ. ಅದೇ ಬೆಳಗಿನ ಹೊತ್ತಿನ ಮೂಡಗಾಳಿ ಆಗಿದ್ದರೆ ಬೋರ್ಡ್ ಮತ್ತು ನಾನು ಇಬ್ಬರೂ ಸಮುದ್ರದೊಳಗೆ ಹೋಗುತ್ತಿದ್ದೆವು.

ದಡಕ್ಕೆ ಬಂದು ಆ ವೆಲ್‌ಕ್ರೋ ನೋಡಿದೆ. ಕೊಕ್ಕೆಗಳ ನಡುವೆ ಮರಳು, ಟವೆಲ್‌ನ ನೂಲು, ಒಣಗಿದ ಪಾಚಿ. ಹಿಡಿಯಲು ಕೊಕ್ಕೆ ಉಳಿದೇ ಇರಲಿಲ್ಲ. ಈಗ ಪ್ರತಿ ಸಲ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ಹಳೇ ಟೂತ್‌ಬ್ರಷ್‌ನಿಂದ ಉಜ್ಜುತ್ತೇನೆ. ವರ್ಷಕ್ಕೊಂದು ಸಲ ಹೊಸ ಲೀಶ್ ತರುತ್ತೇನೆ, ಹಳೆಯದು ಚೆನ್ನಾಗಿದ್ದರೂ ಸರಿ.

ಗುತ್ತಲ, ಹಾವೇರಿ ಜಿಲ್ಲೆ

ಅಣ್ಣಾರ, ನಾನು ಬೋರ್ಡ್ ಹತ್ತಿದವನಲ್ಲ. ನಮ್ಮಪ್ಪ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದರು, ನಾನೂ ಅವರ ಕೈಕೆಳಗೆ ಹುಟ್ಟು ಹಿಡಿದು ಬೆಳೆದವನು. ನೀವು ಹೊಳೆಗೆ ಇಳಿಯಬೇಕು ಅಂತ ಯೋಚನೆ ಮಾಡುವ ಮೊದಲು ನಾಲ್ಕು ಮಾತು ಹೇಳಬೇಕು ಅನ್ನಿಸಿತು.

ಮುಂಗಾರಿನಲ್ಲಿ ನಮ್ಮ ಕಡೆ ಗಾಳಿಯೂ ಹೊಳೆಯೂ ಹೆಚ್ಚು ಕಡಿಮೆ ಒಂದೇ ದಿಕ್ಕಿಗೆ ಹೋಗುತ್ತವೆ. ಆಗ ತೆರೆ ಸಣ್ಣದಾಗಿ ಕಾಣುತ್ತದೆ. ದಡದಲ್ಲಿ ನಿಂತವರಿಗೆ ನೀರು ಶಾಂತ ಇದೆ ಅನ್ನಿಸುತ್ತದೆ. ನೀರಿನ ಓಟ ಎಷ್ಟಿದೆ ಅನ್ನುವುದು ಇಳಿದ ಮೇಲೇ ಗೊತ್ತಾಗುವುದು. ಅಪ್ಪ ಹೊಳೆಯ ಬಣ್ಣ ಕೆಂಪಾದ ದಿನ ಹರಿಗೋಲನ್ನು ದಡಕ್ಕೆ ಎಳೆದು ಬೋರಲು ಹಾಕುತ್ತಿದ್ದರು. ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಇಳಿಸುತ್ತಿರಲಿಲ್ಲ. ಗಾಳಿ ಹೊಳೆಯ ಓಟಕ್ಕೆ ಎದುರಾದ ದಿನ ತೆರೆ ಗಿಡ್ಡಗೆ, ಕಡಿದಾಗಿ ಏಳುತ್ತದೆ. ಹರಿಗೋಲಿನ ಅಂಚಿನ ಮೇಲೆ ನೀರು ಒಳಗೆ ಬರುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ ಗಾಳಿ ಏಳುವ ಮೊದಲೇ ಜನರನ್ನು ದಾಟಿಸಿ ಮುಗಿಸುತ್ತಿದ್ದರು.

ಇನ್ನೊಂದು ಲೀಶ್ ಮಾತು. ಕಾಲಿಗೆ ಕಟ್ಟುತ್ತೀರಿ ಅಂತ ಬರೆದಿದ್ದೀರಿ. ಹರಿಯುವ ನೀರಿನಲ್ಲಿ ಜಾಲಿಗಿಡದ ಕೊಂಬೆ, ಸೇತುವೆಯ ಕಂಬ, ಕಟ್ಟಿದ ಬಲೆ ಇರುತ್ತವೆ. ಬೋರ್ಡ್ ಕೊಂಬೆಯ ಆ ಕಡೆ, ನೀವು ಈ ಕಡೆ ಸಿಕ್ಕಿಕೊಂಡರೆ ನೀರಿನ ರಭಸ ಕಾಲನ್ನು ಬಿಡುವುದಿಲ್ಲ. ಬಗ್ಗಿ ಬಿಚ್ಚಲು ಆಗುವುದೇ ಇಲ್ಲ. ನಮ್ಮ ಕಡೆ ಬಲೆಯ ಹಗ್ಗ ಕಾಲಿಗೆ ಸುತ್ತಿಕೊಂಡು ಆದ ಅನಾಹುತವನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಹೇಳಿದೆ. ನೀವು ಕೆರೆಯಲ್ಲಿ ಇಳಿಯುವಾಗಲೂ ಬಲೆ ಎಲ್ಲಿ ಬಿಟ್ಟಿದ್ದಾರೆ ಅಂತ ಅವತ್ತವತ್ತೇ ಕೇಳಿಕೊಳ್ಳಿ. ನಿನ್ನೆ ಇಲ್ಲದ ಕಡೆ ಇವತ್ತು ಇರುತ್ತದೆ.

ಮುಂಡರಗಿಯವ, ಈಗ ಕಾರವಾರ

ಗುತ್ತಲದ ತಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಬರೆದದ್ದು ಸಮುದ್ರದ ಲೆಕ್ಕ, ಅದನ್ನು ಬಿಡಿಸಿ ಹೇಳಬೇಕಿತ್ತು. ಹರಿಯುವ ನೀರಿಗೆ, ಕಾಲುವೆಗೆ, ಗಿಡಗಂಟಿ ಇರುವ ಹಿನ್ನೀರಿಗೆ ಸೊಂಟದ ಬೆಲ್ಟ್‌ನ ಲೀಶ್ ಬೇಕು. ಮುಂದೆ ಒಂದು ಗುಂಡು ಅಥವಾ ಪಟ್ಟಿ ಇರುತ್ತದೆ, ಯಾವ ಕೈಯಿಂದ ಎಳೆದರೂ ತಟ್ಟನೆ ಕಳಚಬೇಕು. ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಇಪ್ಪತ್ತು ಸಲ ಕಳಚಿ ರೂಢಿ ಮಾಡಿಕೋ. ಸಮುದ್ರದ ಓಟಕ್ಕೆ ಸುರುಳಿ ಲೀಶ್, 10 ಅಡಿಯದ್ದು, ಮೊಣಕಾಲಿನ ಕೆಳಗೆ ಕಟ್ಟುವಂಥದ್ದು. ನೇರ ಹಗ್ಗದ್ದು ನೀರಿನಲ್ಲಿ ಎಳೆದಾಡಿ ವೇಗ ತಿನ್ನುತ್ತದೆ.

ಜಾಕೆಟ್ 50 ನ್ಯೂಟನ್ ತೇಲುವ ಬಲದ್ದು, ತೋಳಿನ ಕೆಳಗೆ ಅಗಲವಾಗಿ ತೆರೆದಿರುವುದು. ಪ್ರವಾಸಿ ಬೋಟುಗಳಲ್ಲಿ ಕೊಡುವ ದಪ್ಪ ಕೇಸರಿ ಜಾಕೆಟ್ ಹಾಕಿಕೊಂಡರೆ ಹುಟ್ಟು ಹಾಕಲು ಆಗುವುದಿಲ್ಲ, ಬೇಸರವಾಗಿ ಬಿಚ್ಚಿಡುತ್ತೀಯ. ಸೊಂಟಕ್ಕೆ ಕಟ್ಟಿ, ಬೇಕಾದಾಗ ಎಳೆದು ಉಬ್ಬಿಸುವಂಥದ್ದೂ ಇದೆ. ಬಿದ್ದ ಗಾಬರಿಯಲ್ಲಿ ಎಳೆಯುವ ನೆನಪು ಇರಬೇಕಲ್ಲ, ಹೊಸಬರಿಗೆ ಅದು ಬೇಡ. ಜೊತೆಗೆ ಒಂದು ಸೀಟಿ, ನೀರು ಹೋಗದ ಕವರಿನಲ್ಲಿ ಫೋನು. ಫೋನು ಬೋರ್ಡ್ ಮೇಲಲ್ಲ, ನಿನ್ನ ಮೈಮೇಲೆ.

ಹುಟ್ಟಿನ ಅಳತೆ ಹೀಗೆ. ಸಪಾಟು ನೀರಿಗೆ ನಿನ್ನ ಎತ್ತರದ ಮೇಲೆ ಒಂದು ಗೇಣು. ಡೌನ್‌ವಿಂಡ್‌ಗೆ ಅದರಿಂದ ಎರಡು ಇಂಚು ಕಡಿಮೆ. ಮೊಣಕಾಲು ಬಗ್ಗಿಸಿ ತಗ್ಗಿ ನಿಂತಿರುತ್ತೀಯ, ಉದ್ದ ಜಾಸ್ತಿಯಾದರೆ ಭುಜ ಹಿಡಿದುಕೊಳ್ಳುತ್ತದೆ. ಹುಟ್ಟಿನ ತುದಿಯ ಎಲೆಯ ಗಾತ್ರ 85 ಚದರ ಇಂಚಿನ ಆಸುಪಾಸು. ದೊಡ್ಡ ಎಲೆ ಬೇಡ. ಇಲ್ಲಿ ಉದ್ದಕ್ಕೂ ಒಂದೇ ಹದದಲ್ಲಿ ಹುಟ್ಟು ಹಾಕುವುದಿಲ್ಲ. ಬಾಲ ಎದ್ದ ಕೂಡಲೇ ಐದಾರು ಗಿಡ್ಡ, ಚುರುಕು ಹುಟ್ಟು. ಹಿಡಿದ ಮೇಲೆ ಒಂದು ಕಾಲು ಹಿಂದೆ ಸರಿಸಿ ಸುಮ್ನೆ ನಿಂತು ಉಸಿರು ತಗೋ. ಕಣ್ಣು ಮೂತಿಯ ಮುಂದಿನ ತಗ್ಗಿನ ಮೇಲಿರಲಿ, ಹಿಂದೆ ಬರುವ ಉಬ್ಬಿನ ಮೇಲಲ್ಲ. ತಗ್ಗು ಎಡಕ್ಕೆ ಬಿದ್ದರೆ ಎಡಕ್ಕೆ ಹೋಗು. ಹಾಗೆ ತಿರುಗಲು ಅನುಕೂಲ ಆಗಲಿ ಅಂತಲೇ ಫಿನ್ ತೀರಾ ದೊಡ್ಡದು ಬೇಡ, 8 ಇಂಚು ಸಾಕು. ಹಿಂದಕ್ಕೆ ಓರೆಯಾಗಿ ಬಾಗಿದ ಫಿನ್ ತಗೋ. ಕೆರೆಯ ಅಂತರಗಂಗೆಯೂ ಸಮುದ್ರದ ಬಲೆಯ ನೂಲೂ ಅದರ ಮೇಲೆ ಜಾರಿ ಹೋಗುತ್ತದೆ.

ಕಾಲ ಯಾವುದು ಅಂತ ಕೇಳುತ್ತೀಯ. ಮಳೆಗಾಲದ ಸಮುದ್ರ ನಮಗಲ್ಲ. ಫೆಬ್ರವರಿಯಿಂದ ಮೇ ನಡುವೆ ಮಧ್ಯಾಹ್ನ ವಾಯವ್ಯದಿಂದ ಗಾಳಿ ಏಳುತ್ತದೆ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಂಡರೆ 12 ನಾಟ್ ಆಸುಪಾಸು ಅಂತ ತಿಳಿ, ಕಲಿಯಲು ಅದು ಸಾಕು. ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತೇವೆ. ಕಾಳಿ ನದಿ ಸಮುದ್ರ ಸೇರುವ ಬಾಯಿಗೆ ಬಹಳ ಮೊದಲೇ ದಡ ಹತ್ತುತ್ತೇವೆ, ಇಳಿತದ ಹೊತ್ತಿನಲ್ಲಿ ಅಲ್ಲಿನ ನೀರು ಹೊರಗೆ ಎಳೆಯುತ್ತದೆ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಇದೆ, ಆ ಕಡೆ ತಲೆಯನ್ನೂ ಹಾಕುವುದಿಲ್ಲ.

ಬೋರ್ಡ್ ಈಗಲೇ ತಗೋಬೇಡ. ಲೀಶ್, ಜಾಕೆಟ್ ತಗೊಂಡು ಫೆಬ್ರವರಿಯಲ್ಲಿ ಬಾ. ನನ್ನ 14 ಅಡಿಯ ಗಟ್ಟಿ ಬೋರ್ಡ್ ಇದೆ, ಗೆಳೆಯನ ಹತ್ತಿರ ಗಾಳಿಯದು ಇದೆ. ಎರಡನ್ನೂ ಒಂದೇ ದಿನ ಹತ್ತಿ ನೋಡು.

ಸಪ್ತಾಪುರ, ಧಾರವಾಡ

ಒಂದು ಸಣ್ಣ ಸೇರ್ಪಡೆ. ಗಾಳಿಯ ಬೋರ್ಡ್ ತಗೊಂಡರೆ ಬಿಸಿಲಿನ ಲೆಕ್ಕ ಮರೆಯಬೇಡಿ. ಬೆಳಿಗ್ಗೆ 25 ಡಿಗ್ರಿಯಲ್ಲಿ 15 ಪಿಎಸ್‌ಐ ತುಂಬಿದ ಬೋರ್ಡ್‌ನ ಒಳಗಿನ ಗಾಳಿ ಬಿಸಿಲಿಗೆ 55 ಡಿಗ್ರಿಗೆ ಏರಿದರೆ ಒತ್ತಡ 18ರ ಹತ್ತಿರ ಹೋಗುತ್ತದೆ. ನೀರಿಗಿಳಿದ ಕೂಡಲೇ ತಣ್ಣಗಾಗಿ ಮತ್ತೆ ಇಳಿಯುತ್ತದೆ. ದಡದಲ್ಲಿ ನೆರಳಿನಲ್ಲಿಡಿ, ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ಒತ್ತಡ ನೋಡಿ ಬೇಕಾದಷ್ಟು ಸೇರಿಸಿ.

ಗದಗಿನ ಕಡೆಯ ಗೆಳೆಯರು ಇದನ್ನು ಓದುತ್ತಿದ್ದರೆ ಇನ್ನೊಂದು ಮಾತು. ಗಾಳಿ ಚೆನ್ನಾಗಿದೆ ಅಂತ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬೋರ್ಡ್ ಒಯ್ಯಬೇಡಿ. ಅದು ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದು ಅಲ್ಲಿ ಇಳಿಯುತ್ತವೆ. ಅಷ್ಟು ದೂರ ಹಾರಿ ಬಂದವಕ್ಕೆ ಆ ನೀರು ಬಿಟ್ಟುಕೊಡೋಣ.

ಗೋಕುಲ ರಸ್ತೆ, ಹುಬ್ಬಳ್ಳಿ

ಎಲ್ಲರಿಗೂ ಕೈಮುಗಿದು ಧನ್ಯವಾದ. ಹೋದ ಭಾನುವಾರ ಕೆರೆಗೆ ಹೋಗಿದ್ದೆ. ಮೇಡಂ ಹೇಳಿದ ಹಾಗೆ ಗೂಟ ನೋಡಿ ಎಣಿಸಿದೆ. ಹತ್ತು ತೆರೆಗೆ 14 ಸೆಕೆಂಡ್. ಅಂದರೆ 1.4. ನನ್ನ ಬೋರ್ಡ್‌ಗಿಂತಲೂ ಗಿಡ್ಡ ತೆರೆ. ಮೂತಿ ಚುಚ್ಚುವಲ್ಲಿ ತಪ್ಪೇನಿಲ್ಲ. ಒಂದು ಹೆಜ್ಜೆ ಹಿಂದೆ ನಿಂತು ನೋಡಿದೆ, ಮೂತಿ ಎದ್ದಿತು, ನಾಲ್ಕೈದು ಸೆಕೆಂಡ್ ಓಡಿತು.

ಮನೆಗೆ ಬಂದು ಅಂಗಳದಲ್ಲಿ ಇಟ್ಟಿಗೆ ಜೋಡಿಸಿದೆ. ನನ್ನದು ಗಿಡ್ಡ ಬೋರ್ಡ್, ಹಾಗಾಗಿ ಅಂತರ ಎಂಟು ಅಡಿ ಇಟ್ಟೆ. ಮಗಳು ಟೇಪು ಹಿಡಿದಳು. ನಾನು ನಡುವೆ ನಿಂತರೆ ಎರಡೂಕಾಲು ಇಂಚು ಕೆಳಗೆ ಬಂತು. ಅಂಗಡಿಯ ಹಳೇ ಗೇಜ್ ಹಾಕಿ ನೋಡಿದೆ, ಒಳಗೆ ಇದ್ದದ್ದು 9 ಪಿಎಸ್‌ಐ. ಇಷ್ಟು ದಿನ ಅದರಲ್ಲೇ ಹೋಗುತ್ತಿದ್ದೆ. ಬೋರ್ಡ್ ಮೇಲೆ ಬರೆದಿದ್ದ 15ಕ್ಕೆ ತುಂಬಿ ಮತ್ತೆ ನಿಂತೆ. ಮಗಳು ಓದಿದ್ದು ಒಂದೂಕಾಲು ಇಂಚು.

ಗುತ್ತಲದ ತಮ್ಮ, ನಿಮ್ಮ ಮಾತು ಓದಿದ ಮೇಲೆ ಮೀನಿನ ಗುತ್ತಿಗೆಯವರ ಜೊತೆ ಅರ್ಧ ಗಂಟೆ ಕುಳಿತೆ. ಬಲೆ ಬಿಟ್ಟ ಕಡೆ ಕೆಂಪು ಕ್ಯಾನ್ ಕಟ್ಟುತ್ತೇವೆ ಅಂದರು. ಕೋಡಿಯ ಕಡೆ ಹಳೇ ಬೇಲದ ಮರದ ಬೊಡ್ಡೆ ಮುಳುಗಿದೆಯಂತೆ, ಅದು ನನಗೆ ಎರಡು ವರ್ಷದಿಂದ ಗೊತ್ತೇ ಇರಲಿಲ್ಲ. ಸೊಂಟದ ಲೀಶ್ ಮತ್ತು ಜಾಕೆಟ್ ಆರ್ಡರ್ ಮಾಡಿದ್ದೇನೆ. ಸುರುಳಿ ಲೀಶ್ ಜನವರಿಯಲ್ಲಿ ತಗೊಳ್ಳುತ್ತೇನೆ.

ಅಣ್ಣಾ, ಫೆಬ್ರವರಿಯ ಎರಡನೇ ಶನಿವಾರ ಬೆಳಗಿನ ಜಾವ ಹುಬ್ಬಳ್ಳಿ ಬಿಡುತ್ತೇನೆ. ಮಧ್ಯಾಹ್ನದ ಗಾಳಿಗೆ ಮಾಜಾಳಿಯಲ್ಲಿ ಇರುತ್ತೇನೆ.

ಮುಂಡರಗಿಯವ, ಈಗ ಕಾರವಾರ

ಬಾ ತಮ್ಮಾ. ಹಿಂದಿನ ದಿನ ಗಾಳಿ ನೋಡಿ ತಿಳಿಸುತ್ತೇನೆ. ನಿನ್ನ ಕಾರನ್ನು ದೇವಬಾಗದ ಕಡೆ ಬಿಟ್ಟು ನನ್ನ ಗಾಡಿಯಲ್ಲಿ ಮಾಜಾಳಿಗೆ ಹೋಗೋಣ. ಬರುವಾಗ ಹುಬ್ಬಳ್ಳಿಯಿಂದ ಒಂದು ಡಜನ್ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಗೊಂಡು ಬಾ, ಇಲ್ಲಿ ಆ ರುಚಿ ಸಿಗುವುದಿಲ್ಲ.